ಚಿಕ್ಕ ಗಡಿಯಾರದ ಸುತ್ತಮುತ್ತ

ವರಮಹಾಲಕ್ಷ್ಮೀ ವ್ರತದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಹೂವು ತರುವುದು ಗಂಡಸಿಗೆ ಒಪ್ಪಿಸತಕ್ಕ ಕೆಲಸವಲ್ಲ. ಮಲ್ಲಿಗೆಯ ಬೆಲೆಯನ್ನು ಕೇಳಿ ಅವನು ಬೆಚ್ಚುತ್ತಾನೆ. ಬೆಚ್ಚಿದ್ದು ತಿಳಿಯಬಾರದೆಂದು ಚೌಕಾಶಿ ಮಾಡದೆ ಕೊಟ್ಟುಬಿಡುತ್ತಾನೆ. ಮನೆಗೆ ಬಂದ ಮೇಲೆ ಬೈಸಿಕೊಳ್ಳುತ್ತಾನೆ. ಈ ಮೂರು ಅವಸ್ಥೆಗಳನ್ನೂ ನಾನು ಬಹುಕಾಲದಿಂದ ಬಲ್ಲೆ. ೨೦೨೪ರ ಶ್ರಾವಣದಲ್ಲಿ ಮಾತ್ರ ನನಗೆ ಜೊತೆಗೊಬ್ಬಳು ಸಿಕ್ಕಿದ್ದಳು. ನನ್ನ ತಂಗಿಯ ಮಗಳು, ಬೆಂಗಳೂರಿನಲ್ಲಿ ವಾಸ್ತುಶಿಲ್ಪವನ್ನು ಓದುತ್ತಿರುವ ಹುಡುಗಿ. ಹಬ್ಬಕ್ಕೆಂದು ಬಂದವಳು, "ಮಾವ, ನಾನೂ ಬರುತ್ತೇನೆ" ಎಂದು ಚೀಲ ಹಿಡಿದು ಹೊರಟಳು.

ಬಂದವಳು ಹೂವನ್ನು ನೋಡಿದಳೆ? ಅದಿಲ್ಲ. ಚಿಕ್ಕ ಗಡಿಯಾರದ ಬಳಿ, ಮಾರುಕಟ್ಟೆಯ ದಕ್ಷಿಣದ ಬಾಗಿಲಿನ ಮುಂದೆ ನಿಂತು ತಲೆಯೆತ್ತಿ ನೋಡತೊಡಗಿದಳು. ಹಿಂದಿನಿಂದ ಜನ ನೂಕುತ್ತಿದ್ದರು. ಎಡಗಡೆ ಒಬ್ಬಾತ ಚೆಂಡುಹೂವಿನ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು "ದಾರಿ, ದಾರಿ" ಎಂದು ಕೂಗುತ್ತಿದ್ದ. ಅವಳಿಗೆ ಇದಾವುದರ ಪರಿವೆಯೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದಳು:

"ಮಾವ, ಇದನ್ನು ಕೆಡವಬಹುದೆಂದು ತೀರ್ಪಾಗಿದೆಯಲ್ಲ, ನಿಮ್ಮ ಅಭಿಪ್ರಾಯವೇನು? ಇರಬೇಕೋ, ಹೋಗಬೇಕೋ?"

ಹದಿನೈದು ವರ್ಷಗಳ ಹಿಂದೆ ಕೇಳಿದ್ದರೆ ಒಂದು ಗಳಿಗೆಯೂ ತಡಮಾಡದೆ "ಇರಬೇಕು" ಎನ್ನುತ್ತಿದ್ದೆ. ಹಳೆಯ ಕಟ್ಟಡಗಳ ಮೇಲೆ ಮಮತೆಯಿರುವುದು ಸುಸಂಸ್ಕೃತರ ಲಕ್ಷಣವೆಂದು ನಂಬಿದ್ದ ಕಾಲ ಅದು. ಈಗ ಬಾಯಿಗೆ ಬಂದ ಮಾತು ಗಂಟಲಲ್ಲೇ ನಿಂತಿತು. ನಿಂತದ್ದೇಕೆಂಬುದನ್ನೇ ಈ ವಾರ ವಾಚಕರ ಮುಂದೆ ಬಿಚ್ಚಿಡಬೇಕೆಂದಿದ್ದೇನೆ.

ಪರಊರಿನವರ ಅನುಕೂಲಕ್ಕಾಗಿ ಸ್ಥಳವನ್ನು ಮೊದಲು ಹೇಳಿಬಿಡುತ್ತೇನೆ. ಅರಮನೆಯ ಉತ್ತರದ ಬಾಗಿಲಿನಿಂದ ಹೊರಗೆ ಬಂದರೆ ಚಾಮರಾಜ ವೃತ್ತ, ಅದರಾಚೆಗೆ ಕೃಷ್ಣರಾಜ ವೃತ್ತ. ಅಲ್ಲಿಂದ ಉತ್ತರಕ್ಕೆ ಸಯ್ಯಾಜಿರಾವ್ ರಸ್ತೆ. ಬರೋಡೆಯ ಮಹಾರಾಜರ ಹೆಸರನ್ನು ಹೊತ್ತ ಈ ರಸ್ತೆಯಲ್ಲೇ ವಿಜಯದಶಮಿಯ ಆನೆಗಳು ಬನ್ನಿಮಂಟಪಕ್ಕೆ ಸಾಗುವುದು. ರಸ್ತೆಯ ಒಂದು ಪಕ್ಕದ ಉದ್ದಕ್ಕೂ ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಮಾರುಕಟ್ಟೆ ಚಾಚಿಕೊಂಡಿದೆ. ಒಳಗೆ ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ಜಗನ್ಮೋಹನ ಅರಮನೆಯ ಕಡೆಗೆ ಹೋಗುವಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. ಈ ಗಡಿಯಾರವನ್ನು ವೈಸರಾಯ್ ಡಫರಿನ್ ಬಂದುಹೋದ ನೆನಪಿಗೆ ೧೮೮೬ರಲ್ಲಿ ನಿಲ್ಲಿಸಿದರು. ಆ ಕಟ್ಟಡ ಅವನ ನಂತರದ ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ೧೮೯೨ರ ಹೊತ್ತಿಗೆ ಎದ್ದಿತು. ದೊಡ್ಡ ಅತಿಥಿ ಬಂದಾಗಲೆಲ್ಲ ಊರಿಗೊಂದು ಕಟ್ಟಡ ಲಾಭವಾಗುತ್ತಿದ್ದ ದಿನಗಳು! ಈಗಿನ ಅತಿಥಿಗಳು ಬಂದರೆ ಎರಡು ಗಂಟೆ ರಸ್ತೆ ಬಂದ್ ಆಗುವುದು ಮಾತ್ರ ಲಾಭ.

ಆನೆಗಳು ನಡೆಯುವ ಈ ರಸ್ತೆಯ ಕೆಳಗೆ ಒಂದು ಸೋಲಿನ ಕಥೆಯೂ ಅಡಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ನಾಲೆಯೊಂದನ್ನು ತೋಡಿಸಿದರು. ನೀರು ಬರಲಿಲ್ಲ. ಊರ ನಡುವೆ ಹಳ್ಳವೊಂದು ಉಳಿಯಿತು. ಅದನ್ನು ಮುಂದಿನವರು ಮುಚ್ಚಿ ರಸ್ತೆಯಾಗಿ ಮಾಡಿಕೊಂಡರು. ಕೆಟ್ಟ ಕೆಲಸದಿಂದಲೂ ಒಳ್ಳೆಯದನ್ನು ತೆಗೆಯುವ ಜಾಣತನ ನಮ್ಮ ಹಿರಿಯರಿಗಿತ್ತು.

ಕೆಡವುವುದೂ ನಮ್ಮೂರಿಗೆ ಹೊಸದಲ್ಲ. ಹಳೆಯದೆಂದರೆ ಕಣ್ಣೀರು ಹಾಕುವ ನನ್ನಂಥವರು ಇದನ್ನು ಮರೆಯುವುದುಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ ಮೈಸೂರಿನ ಕೋಟೆಯನ್ನೂ ಅರಮನೆಯನ್ನೂ ಕೆಡವಿಸಿ ಅದರ ಕಲ್ಲುಗಳನ್ನು ಪಕ್ಕದ ದಿಣ್ಣೆಗೆ ಸಾಗಿಸಿ ನಜರಾಬಾದ್ ಎಂಬ ಹೊಸ ಕೋಟೆಯನ್ನು ಕಟ್ಟತೊಡಗಿದ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಲು ಮೈಸೂರಿನಲ್ಲಿ ಅರಮನೆಯೇ ಇರಲಿಲ್ಲ. ಲಕ್ಷ್ಮೀರಮಣಸ್ವಾಮಿ ದೇವಾಲಯದ ಬಳಿ ಚಪ್ಪರ ಹಾಕಿ ಪಟ್ಟಾಭಿಷೇಕವನ್ನು ನೆರವೇರಿಸಿದರು. ಆಮೇಲೆ ಅದೇ ಕಲ್ಲುಗಳು ನಜರಾಬಾದಿನಿಂದ ಹಿಂದಿರುಗಿ ಬಂದು ಮೈಸೂರಿನ ಕೋಟೆಯಾದುವು. ಹೋದ ಕಲ್ಲು, ಬಂದ ಕಲ್ಲು!

ಆಗ ಕಟ್ಟಿದ ಮರದ ಅರಮನೆ ೧೮೯೭ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ತುತ್ತಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯನ್ನು ಕರೆಸಿ, ಬೆಂಕಿಗೆ ಸುಲಭವಾಗಿ ಬಗ್ಗದ ಕಲ್ಲು, ಇಟ್ಟಿಗೆ, ಕಬ್ಬಿಣಗಳಲ್ಲಿ ಹೊಸ ಅರಮನೆಯನ್ನು ಎಬ್ಬಿಸಿದರು. ಅದು ಮುಗಿದದ್ದು ೧೯೧೨ರಲ್ಲಿ. ಖರ್ಚು ೪೧,೪೭,೯೧೩ ರೂಪಾಯಿ. ಕೊನೆಯ ಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಆ ಗುಮಾಸ್ತನಿಗೆ ನನ್ನ ನಮಸ್ಕಾರ. ಹಾಗೆಯೇ ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳೂ ಹೋದುವು, ಕಂದಕ ಮುಚ್ಚಿತು. ಪ್ಲೇಗು ಬಂದು ಬೀದಿ ಬೀದಿಗಳನ್ನು ಬರಿದು ಮಾಡಿದ ಮೇಲೆ, ೧೯೦೩ರಲ್ಲಿ ನಗರಾಭಿವೃದ್ಧಿ ಮಂಡಳಿ ಸ್ಥಾಪಿತವಾಯಿತು. ಬೊಂಬಾಯಿಯ ಮಂಡಳಿಗಿಂತ ಐದೇ ವರ್ಷ ಚಿಕ್ಕದು. ೧೯೦೧ರ ಜನಗಣತಿಯಲ್ಲಿ ಅರುವತ್ತೆಂಟು ಸಾವಿರವಿದ್ದ ಊರು ೨೦೧೧ರ ಹೊತ್ತಿಗೆ ಒಂಬತ್ತು ಲಕ್ಷದ ಸಮೀಪಕ್ಕೆ ಬಂದು ನಿಂತಿತು. ಆದರೆ ಅಷ್ಟು ಜನರೂ ಹಬ್ಬದ ಹಿಂದಿನ ದಿನ ಬಂದು ಸೇರುವುದು ಅದೇ ಚಿಕ್ಕ ಗಡಿಯಾರದ ಬುಡಕ್ಕೆ.

ಇದನ್ನೆಲ್ಲ ಸೊಸೆಗೆ ಹೇಳಿದೆ. "ಹಾಗಾದರೆ ಕೆಡವಲಿ ಎನ್ನುತ್ತೀರಾ?" ಎಂದು ಅವಳು ಮರುಪ್ರಶ್ನೆ ಹಾಕಿದಳು. ಓದಿದ ಹುಡುಗಿಯರ ಬಳಿ ಇತಿಹಾಸ ಹೇಳಿ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ.

ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನೆದರೆ ನನಗೆ ಮೊದಲು ಬರುವುದು ಒಂದು ವಾಸನೆ. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾದ ಜಾಗ ಅದು. ಕಾಲೇಜಿಗೆ ಸೇರಿದ ವರ್ಷ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡದ್ದು ಅಲ್ಲಿ. ವರ್ಷದ ಕೊನೆಗೆ ಅವನ್ನೇ ಕಾಲು ಬೆಲೆಗೆ ಮಾರಿದ್ದೂ ಅಲ್ಲಿ. ಆಮೇಲೆ ಸಂಬಳ ಬರತೊಡಗಿದಾಗ ಮಾರಿದ್ದ ಪುಸ್ತಕವೊಂದನ್ನು, ನನ್ನ ಹೆಸರೇ ಬರೆದಿದ್ದದ್ದನ್ನು, ಮತ್ತೆ ಕೊಂಡು ತಂದೆ. ಮಳೆಗಾಲದಲ್ಲಿ ಅಂಗಡಿಯಾತ ಹಿಂಬದಿಯ ಗೋಡೆಗೆ ತಾಗದಂತೆ ಪುಸ್ತಕಗಳನ್ನು ಮುಂದಕ್ಕೆ ಸರಿಸಿಡುತ್ತಿದ್ದ; ಮೂಲೆಯಲ್ಲಿ ಒಂದು ಅಲ್ಯೂಮಿನಿಯಂ ಬೋಗುಣಿ; ಅದರೊಳಕ್ಕೆ ಸೂರಿನಿಂದ ತೊಟ್ಟು ತೊಟ್ಟಾಗಿ ನೀರು. ಅದನ್ನು ನೋಡಿ ನಾನು ಮಾಡಿದ್ದೇನು? ಆ ತೊಟ್ಟಿನ ಸದ್ದು, ಹಳೆಯ ಕಾಗದದ ಕಂಪು, ಗೋಡೆಯ ಪಾಚಿಯ ಬಣ್ಣ ಇವುಗಳನ್ನು ಕುರಿತು ಗೆಳೆಯರೆದುರು ರಸವತ್ತಾಗಿ ಮಾತನಾಡಿದೆ. "ನೋಡಿ, ಇದಕ್ಕೆ ಜೀವವಿದೆ" ಎಂದೆ.

೨೦೧೨ರ ಆಗಸ್ಟ್ ೨೫ರಂದು ಆ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಮಂದಿ ಸತ್ತರು.

ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಆ ಬೋಗುಣಿಯನ್ನು ಎಷ್ಟು ಮಳೆಗಾಲ ನೋಡಿದ್ದೆ! ಸೋರುವ ಸೂರನ್ನು ವರ್ಣಿಸಿದವನು, ಸೋರುತ್ತಿದೆಯಲ್ಲ, ಇದನ್ನು ಯಾರು ಸರಿಮಾಡಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ. ಹಳೆಯ ಕಟ್ಟಡದ ಅಭಿಮಾನಿ ಎಂಬ ಹೆಸರಿಗೆ ನಾನು ಕೊಟ್ಟಿದ್ದ ಬೆಲೆ ಅಷ್ಟೆ: ಹೊರಗೆ ನಿಂತು ಮೆಚ್ಚುವುದು. ಒಳಗೆ ಕುಳಿತು ವ್ಯಾಪಾರ ಮಾಡಬೇಕಾಗಿದ್ದವರು ಬೇರೆಯವರು. ಸೊಸೆ ಕೇಳಿದ ಪ್ರಶ್ನೆಗೆ ನನ್ನ ಗಂಟಲು ಕಟ್ಟಿದ್ದು ಇದರಿಂದ.

ಕಟ್ಟಡವೊಂದು ಹೀಗೆ ಬೀಳುವುದೇಕೆ? ವಯಸ್ಸಾಯಿತು, ಬಿತ್ತು ಎನ್ನುವವರುಂಟು. ವಯಸ್ಸೇ ಕಾರಣವಾದರೆ ಸೋಮನಾಥಪುರದ ಗುಡಿ ಎಂದೋ ಬೀಳಬೇಕಾಗಿತ್ತು. ಅದು ಕಲ್ಲು, ಇದು ಇಟ್ಟಿಗೆ ಎಂದು ನೀವು ಆಕ್ಷೇಪಿಸಬಹುದು. ಸರಿ, ಇಟ್ಟಿಗೆಯ ವಿಷಯವನ್ನೇ ನೋಡೋಣ. ನನಗಿದು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ತಾತನ ಮನೆಯಿಂದ.

ಕೋಟೆಯ ದಕ್ಷಿಣಕ್ಕೆ ಒಂದು ಅಗ್ರಹಾರದ ಬೀದಿಯಲ್ಲಿದ್ದ ಮನೆ. ಹಜಾರಕ್ಕೆ ಮದರಾಸು ತಾರಸಿ. ಅದನ್ನು ಕಂಡರಿಯದ ಕಿರಿಯರಿಗೆ ಹೇಳಬೇಕೆಂದರೆ: ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು, ಅವುಗಳ ಮೇಲೆ ಅಂಗೈಯಷ್ಟು ಪುಟ್ಟ ತೆಳು ಇಟ್ಟಿಗೆಗಳನ್ನು ನೆಟ್ಟಗೆ, ಓರೆಸಾಲಾಗಿ ಜೋಡಿಸಿ ಗಾರೆಯಿಂದ ಬಂಧಿಸುವುದು, ಅದರ ಮೇಲೆ ಇಟ್ಟಿಗೆಚೂರು ಬೆರೆಸಿದ ಸುಣ್ಣದ ದಪ್ಪ ಹಾಸು, ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ಅದನ್ನು ದಿನಗಟ್ಟಲೆ ಬಡಿಯುವುದು, ಕೊನೆಗೆ ನುಣ್ಣನೆಯ ಗಾರೆ. ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಎತ್ತು ಎಳೆಯುವ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುತ್ತಿದ್ದರಂತೆ. ಕೇಳಿದರೆ ಬಾಣಂತಿಯ ಲೇಹ್ಯದಂತಿದೆ, ಅಲ್ಲವೆ? ಈ ಸುಣ್ಣ ಒಂದೇ ದಿನದಲ್ಲಿ ಗಟ್ಟಿಯಾಗುವುದಿಲ್ಲ. ಗಾಳಿಯನ್ನು ಹೀರಿಕೊಂಡು, ವರ್ಷಗಳ ಕಾಲ ಮೆಲ್ಲಮೆಲ್ಲನೆ ಕಲ್ಲಾಗುತ್ತ ಹೋಗುತ್ತದೆ. ಗೋಡೆಯೊಳಕ್ಕೆ ಹೋದ ತೇವವನ್ನು ಬಿಸಿಲಿಗೆ ಮತ್ತೆ ಹೊರಕ್ಕೆ ಬಿಡುತ್ತದೆ. ಆದರೆ ಅದು ಉಪಚಾರವನ್ನು ಬೇಡುವ ಜಾತಿ. ಪ್ರತಿವರ್ಷ ಬಿರುಕನ್ನು ನೋಡಬೇಕು, ಮುಚ್ಚಬೇಕು, ಸುಣ್ಣ ಬಳಿಯಬೇಕು.

ತಾತ ಅದನ್ನು ತಪ್ಪಿಸಿದವರಲ್ಲ. ಮೃಗಶಿರಾ ಮಳೆಗೆ ಮುನ್ನ ಮೇಸ್ತ್ರಿ ಬಂದು ಏಣಿ ಹಾಕಲೇಬೇಕು. ಅವರ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ವರ್ಷವರ್ಷವೂ ಒಂದು ಪುಟದಲ್ಲಿ 'ಸೂರಿನ ಬಾಬ್ತು' ಎಂಬ ತಲೆಬರಹ; ಕೆಳಗೆ ಸುಣ್ಣ, ಬೆಲ್ಲ, ಮೇಸ್ತ್ರಿಯ ಎರಡು ದಿನದ ಕೂಲಿ, ಅವನಿಗೆ ಎಲೆಯಡಿಕೆ. ನನ್ನ ಸೋದರತ್ತೆಯ ಮದುವೆ ನಡೆದು ಸಾಲ ಮಾಡಿದ ವರ್ಷವೂ ಆ ಪುಟ ಖಾಲಿಯಿಲ್ಲ.

ತಾತ ಹೋದರು. ನಮ್ಮ ತಂದೆಯೂ ನಾಲ್ವರು ಚಿಕ್ಕಪ್ಪಂದಿರೂ ಮನೆಯನ್ನು ಹಂಚಿಕೊಂಡರು. ಯಾವ ಕೋಣೆ ಯಾರಿಗೆ, ಬಾವಿಯ ಹಕ್ಕು ಎಷ್ಟು, ತೆಂಗಿನ ಮರದ ಕಾಯಿ ಹೇಗೆ ಎಂದೆಲ್ಲ ವಿಭಾಗಪತ್ರದಲ್ಲಿ ವಿವರವಾಗಿ ಬರೆದಿತ್ತು. ಸೂರಿನ ಮಾತು ಇರಲಿಲ್ಲ. ಮೊದಲ ಮಳೆಗಾಲದಲ್ಲಿ ಒಬ್ಬರ ಕೋಣೆ ಸೋರಿತು. ಉಳಿದ ನಾಲ್ವರಿಗೆ ಅದು ಅವರ ಕೋಣೆ. ಎರಡನೆಯದರಲ್ಲಿ ಹಜಾರ ಸೋರಿತು. ಅದು ಎಲ್ಲರದೂ ಆದ್ದರಿಂದ ಯಾರದೂ ಅಲ್ಲ. ಕೊನೆಗೆ ಒಬ್ಬ ಚಿಕ್ಕಪ್ಪ, ಒಳ್ಳೆಯ ಮನಸ್ಸಿನಿಂದಲೇ, ತಮ್ಮ ಕೈಯಿಂದ ದುಡ್ಡು ಹಾಕಿ ಇಡೀ ತಾರಸಿಗೆ ಸಿಮೆಂಟು ಬಳಿಸಿದರು. ಮೇಲೆ ನೋಡಿದರೆ ಬೆಳ್ಳಿಯ ತಟ್ಟೆಯಂತಿತ್ತು. ಆದರೆ ಸಿಮೆಂಟಿನ ಕೂದಲೆಳೆಯ ಬಿರುಕಿನಿಂದ ಒಳಗಿಳಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದಾಯಿತು. ತೊಲೆಗಳ ತುದಿಗಳು ಗೋಡೆಯೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೊಳೆತುವು. ಮೂರನೆಯ ವರ್ಷದ ಆಷಾಢದಲ್ಲಿ, ಎಲ್ಲರೂ ಅಡಿಗೆಮನೆಯ ಪಡಸಾಲೆಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗ ಹಜಾರದ ಸೂರು ಇಳಿದುಬಂದಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಎಲ್ಲ ಮೊಮ್ಮಕ್ಕಳನ್ನೂ ಮಲಗಿಸಿದ್ದ ತೊಟ್ಟಿಲೊಂದು ಪುಡಿಯಾಯಿತು. ಮರುವರ್ಷ ಮನೆ ಮಾರಿದರು. ಈಗ ಅಲ್ಲಿ ಗಾಜಿನ ಮುಖದ ವಸತಿಗೃಹವಿದೆ. ಒಳಗೆ ಹೋಗುವ ಧೈರ್ಯವನ್ನು ನಾನು ಮಾಡಿಲ್ಲ.

"ನಮ್ಮ ಕಾಲೇಜಿನಲ್ಲಿ ಇದನ್ನೇ ನಾಲ್ಕು ತಿಂಗಳು ಹೇಳಿಕೊಟ್ಟರು ಮಾವ," ಎಂದಳು ಸೊಸೆ, "ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು ಎಂದು ಕಂಡುಹಿಡಿದರೆ ಹಳೆಯ ಕಟ್ಟಡದ ಮುಕ್ಕಾಲು ಪಾಲು ಕಾಯಿಲೆ ತಿಳಿದ ಹಾಗೆ." ಮೇಲಕ್ಕೆ ಬೆರಳು ತೋರಿಸುತ್ತ ವಿವರಿಸಿದಳು. ಮಳೆನೀರು ಇಳಿಯುವ ಕೊಳವೆ ಕಸದಿಂದ ಕಟ್ಟಿಕೊಳ್ಳುತ್ತದೆ. ನೀರು ತಾರಸಿಯ ಮೇಲೆ ಕೊಳವಾಗುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅಶ್ವತ್ಥದ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ಸುಣ್ಣವನ್ನು ಸೀಳಿಕೊಂಡು ಇಳಿಯುತ್ತದೆ. ಒಳಗೆ ವ್ಯಾಪಾರ ಬೆಳೆದಂತೆ ಅಂಗಡಿಯವರು ಅಟ್ಟ ಕಟ್ಟುತ್ತಾರೆ, ಅಡ್ಡಗೋಡೆಯನ್ನು ಸ್ವಲ್ಪ ಕೊರೆದು ಜಾಗ ಮಾಡಿಕೊಳ್ಳುತ್ತಾರೆ. ಭಾರವನ್ನು ಹೊರುವ ಗೋಡೆ ಯಾವುದು, ಬರಿಯ ಮರೆಯ ಗೋಡೆ ಯಾವುದು ಎಂದು ಅವರಿಗೆ ಹೇಳಿದವರಿಲ್ಲ.

ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ೨೦೧೬ರ ಆಗಸ್ಟಿನ ಕೊನೆಯಲ್ಲಿ ಬಿದ್ದಾಗ ಅಲ್ಲಿ ದುರಸ್ತಿ ನಡೆಯುತ್ತಿತ್ತೆಂಬುದು ವಿಧಿಯ ಕುಚೋದ್ಯ. ಔಷಧ ಬರುವಷ್ಟರಲ್ಲಿ ರೋಗಿ ಹೋದಂತಾಯಿತು. ೨೦೨೨ರ ಅಕ್ಟೋಬರಿನಲ್ಲಿ ಶತಮಾನ ಕಂಡ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗವೂ ಕುಸಿಯಿತು. ಎಲ್ಲವೂ ಮಳೆಯ ತಿಂಗಳುಗಳೇ ಎಂಬುದನ್ನು ವಾಚಕರು ಗಮನಿಸಿರಬಹುದು.

ಅಂದಿನಿಂದ ಊರಿನಲ್ಲಿ ಎರಡು ಪಕ್ಷಗಳಾದುವು. ತಜ್ಞರ ಒಂದು ಸಮಿತಿ, ದುರ್ಬಲವಾಗಿದೆ, ಕೆಡವಿ ಕಟ್ಟಿ ಎಂದಿತು. ಪರಂಪರೆಯ ಪಕ್ಷದ ತಜ್ಞರು, ಬಹುಭಾಗ ಗಟ್ಟಿಯಾಗಿದೆ, ದುರಸ್ತಿ ಮಾಡಿ ಎಂದರು. ಮೊಕದ್ದಮೆಗಳು ನಡೆದು, ೨೦೨೩ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ಮಾರುಕಟ್ಟೆಯನ್ನೂ ಕೆಡವಿ ಮತ್ತೆ ಕಟ್ಟಲು ಅಡ್ಡಿಯಿಲ್ಲವೆಂದು ಹೇಳಿತು.

ಕೆಡವಬೇಕೆನ್ನುವವರನ್ನು ನಾನು ಮೊದಲಿನಂತೆ ಅರಸಿಕರೆಂದು ಕರೆಯಲಾರೆ. ನಾಲ್ಕು ಪ್ರಾಣ ಹೋದ ಮೇಲೆ, ಐದನೆಯದು ಹೋದರೆ ಯಾರು ಹೊಣೆ ಎಂದು ಅಧಿಕಾರಿಯೊಬ್ಬ ಕೇಳಿದರೆ ಅದು ತಪ್ಪಲ್ಲ. ಆದರೆ ಅವರು ಹೇಳುವ ಇನ್ನೊಂದು ಮಾತು ನನಗೆ ಒಪ್ಪಿಗೆಯಿಲ್ಲ. ಹೊಸದನ್ನು ಹಳೆಯದರಂತೆಯೇ ಕಟ್ಟುತ್ತೇವೆ, ಅದೇ ಕಮಾನು, ಅದೇ ಬಣ್ಣ, ಎನ್ನುತ್ತಾರೆ. ತಾತನ ಭಾವಚಿತ್ರವನ್ನು ಗೋಡೆಗೆ ಹಾಕಿ, ತಾತನೇ ಕುಳಿತಿದ್ದಾರೆ ಎನ್ನುವುದುಂಟೆ? ಅದೂ ಹೋಗಲಿ. ಕಾಂಕ್ರೀಟು ಅಮರವಲ್ಲ. ಅದರೊಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಗಾರೆಯನ್ನು ಒಡೆದು ಹೊರಗೆ ಇಣುಕುತ್ತದೆ. ಕಟ್ಟಿ ನಲವತ್ತು ಐವತ್ತು ವರ್ಷವಾದ ಎಷ್ಟೋ ಕಚೇರಿಗಳ ಸೂರಿನಲ್ಲಿ ಈ ಇಣುಕನ್ನು ನೀವೂ ಕಂಡಿರಬೇಕು. ಸುಣ್ಣದ ಕಟ್ಟಡ ಅಸಡ್ಡೆಯನ್ನು ನೂರು ವರ್ಷ ತಾಳಿಕೊಂಡಿತು. ಹೊಸದು ಅದರ ಅರ್ಧವನ್ನಾದರೂ ತಾಳೀತೆ?

ಉಳಿಸಬೇಕೆನ್ನುವ ನಮ್ಮ ಪಕ್ಷದವರಲ್ಲೂ ಲೋಪವಿದೆ. ಕಮಾನಿನ ಸೊಬಗನ್ನು ಬಣ್ಣಿಸಿ ಎಷ್ಟು ಲೇಖನಗಳು! ಒಂದು ಲೇಖನದಲ್ಲಾದರೂ, ಮುಂದಿನ ಮೃಗಶಿರಕ್ಕೆ ಮುನ್ನ ಏಣಿ ಹಾಕತಕ್ಕವನು ಯಾರು, ಅವನಿಗೆ ಕೂಲಿ ಕೊಡುವವರಾರು ಎಂಬ ಲೆಕ್ಕವನ್ನು ನಾನು ಕಂಡಿಲ್ಲ, ನಾನೂ ಬರೆದಿಲ್ಲ. ಮಾರುಕಟ್ಟೆ ಪೌರಸಂಸ್ಥೆಯ ಸ್ವತ್ತು, ಮಳಿಗೆಯವರು ಬಾಡಿಗೆದಾರರು, ಸೌಂದರ್ಯ ನಮ್ಮೆಲ್ಲರದು. ನಮ್ಮ ಅಗ್ರಹಾರದ ಮನೆಯ ವಿಭಾಗಪತ್ರವೇ ಇಲ್ಲಿ ದೊಡ್ಡ ಅಕ್ಷರದಲ್ಲಿದೆ. ಸೂರು ಯಾರ ಪಾಲಿಗೂ ಬಂದಿಲ್ಲ.

ಈ ವಿಷಯದಲ್ಲಿ ಬೆಂಗಳೂರಿನ ಅಠಾರಾ ಕಚೇರಿಯ ಅದೃಷ್ಟವನ್ನು ನೋಡಿ ನನಗೆ ಅಸೂಯೆಯಾಗುತ್ತದೆ. ೧೮೬೮ರಲ್ಲಿ ಮುಗಿದ ಕೆಂಪು ಕಟ್ಟಡ. ಸರ್ಕಾರದ ಹದಿನೆಂಟು ಇಲಾಖೆಗಳಿದ್ದದ್ದರಿಂದ ಆ ಹೆಸರು. ೧೯೫೬ರಲ್ಲಿ ಎದುರಿಗೆ ವಿಧಾನಸೌಧ ಎದ್ದಿತು. ಸಚಿವಾಲಯ ರಸ್ತೆ ದಾಟಿ ಹೋಯಿತು. ಇಲ್ಲಿ ಉಚ್ಚ ನ್ಯಾಯಾಲಯ ಉಳಿಯಿತು. ೧೯೮೦ರ ದಶಕದ ಆರಂಭದಲ್ಲಿ ಇದನ್ನೂ ಕೆಡವಬೇಕೆಂಬ ಯೋಚನೆ ಹುಟ್ಟಿ, ತಡೆಯಬೇಕೆಂದು ಕೆಲವರು ದಾವೆ ಹೂಡಿದರು. ಆ ದಾವೆಯ ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ! ಕಟ್ಟಡ ಉಳಿಯಿತು, ಇಂದಿಗೂ ಅಲ್ಲಿ ನ್ಯಾಯಾಲಯವೇ ಇದೆ. ನ್ಯಾಯಮೂರ್ತಿಗಳ ತಲೆಯ ಮೇಲಿನ ಸೂರು ಸೋರಿದರೆ ಏಣಿ ತರಿಸಲು ತಡವಾಗುವುದಿಲ್ಲವೆಂದು ನನ್ನ ಊಹೆ. ಬೆಂಗಳೂರಿನಲ್ಲೇ ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣಕ್ಕೆ ಅಂಥ ನಿವಾಸಿಗಳಿರಲಿಲ್ಲ. ಅದು ಪಾಳುಬಿದ್ದು, ೨೦೧೭ರಲ್ಲಿ ನೆಲಸಮವಾಯಿತು.

ಇಷ್ಟು ಹೊತ್ತಿಗೆ ನಾವು ಮಾರುಕಟ್ಟೆಯ ಒಳಕ್ಕೆ ಬಂದಿದ್ದೆವು. ನಂಜನಗೂಡಿನ ರಸಬಾಳೆ ಈಗ ಹುಡುಕಿದರೂ ಸಿಗದ ಪದಾರ್ಥ. ಆದರೂ ಬಾಳೆಗೊನೆಗಳ ಸಾಲಿನಲ್ಲಿ ಅದರ ಹೆಸರನ್ನು ಕೂಗುವವರಿಗೆ ಕೊರತೆಯಿಲ್ಲ. ಚಿಗುರೆಲೆಯ ಕಟ್ಟುಗಳು, ಗೋಪುರದಂತೆ ಒಟ್ಟಿದ ಕುಂಕುಮ, ಊದುಬತ್ತಿ, ಅರಿಸಿನದ ಕೊಂಬು. ಮಳೆ ಹನಿಯತೊಡಗಿತು. ನಾನು ಪ್ರತಿಸಲ ಹೂವು ಕೊಳ್ಳುವ ಮುದುಕಿ ಕುಳಿತಿದ್ದಳು. ಅವಳ ಅತ್ತೆಯೂ ಅದೇ ಜಾಗದಲ್ಲಿ ಕುಳಿತು ಮಾರಿದವಳಂತೆ.

"ಬನ್ನಿ ಸಾಮಿ, ಮಾರು ಎಷ್ಟು ಕೊಡ್ಲಿ?" ಎಂದವಳು, ಸೊಸೆಯನ್ನು ನೋಡಿ, "ಏನವ್ವ, ಎಲ್ರೂ ಹೂವ ನೋಡಿದ್ರೆ ನೀನು ಸೂರು ನೋಡ್ತೀಯ?" ಎಂದಳು.

"ಕೆಡವುತ್ತಾರಂತಲ್ಲ ಅಜ್ಜಿ. ನಿಮಗೆ ಭಯವಿಲ್ಲವೆ?"

"ಭಯ ಇರ್ದೆ ಇರ್ತದಾ? ಮಳೆ ಬಂದಾಗ್ಲೆಲ್ಲ ಮೇಲಕ್ಕೇ ಕಣ್ಣು. ಆದ್ರೆ ಕೆಡವಿದ್ರೆ ಕಟ್ಟೋಗಂಟ ನಾನೆಲ್ಲಿ ಕುಂತ್ಕಳ್ಳಲಿ, ಹೇಳು. ಕಟ್ಟಕ್ಕೆ ಆರೊರ್ಸ ಆಯ್ತದೋ ಹತ್ತೊರ್ಸ ಆಯ್ತದೋ. ಕಟ್ಟಿದ್ ಮೇಲೆ ಈ ಮೂಲೆ ನಂದೇ ಅಂತ ಬರ್ಕೊಡೋರ್ಯಾರು?" ಎಂದು ಮಲ್ಲಿಗೆಯನ್ನು ಅಳೆಯತೊಡಗಿದಳು. ಅವಳ ಕೈ ಚಾಚಿದರೆ ಮಾರು ಸ್ವಲ್ಪ ಚಿಕ್ಕದೇ. ಕೇಳುವ ಧೈರ್ಯ ನನಗೆಲ್ಲಿ?

ಮಳೆ ಜೋರಾಯಿತು. ಮುದುಕಿಯ ಬಲಗಡೆ, ಸೂರಿನ ಅಂಚಿನಿಂದ ಒಂದು ಧಾರೆ ನೇರವಾಗಿ ಗೋಡೆಯ ಮೇಲಿಳಿದು ಅವಳ ಬುಟ್ಟಿಯ ಕಡೆಗೆ ಹರಿಯಿತು. ಅವಳು ಮಾತಾಡದೆ ಬುಟ್ಟಿಯನ್ನು ಎಡಕ್ಕೆ ಸರಿಸಿದಳು, ಅಭ್ಯಾಸವಾದ ಕೈ. ಸೊಸೆ ಮಾತ್ರ ಧಾರೆಯ ಜಾಡನ್ನು ಹಿಡಿದು ಮೇಲೆ ನೋಡಿ, "ಮಾವ, ಅಲ್ಲಿ ನೋಡಿ, ಕೊಳವೆಯ ಬಾಯಿ ಕಟ್ಟಿದೆ. ನೀರು ಕೊಳವೆಯೊಳಗೆ ಹೋಗದೆ ಗೋಡೆಯ ಮೇಲೆ ಬರುತ್ತಿದೆ" ಎಂದಳು. ಪಕ್ಕದ ಬಾಳೆಯ ಮಂಡಿಯಲ್ಲಿ ಗೊನೆ ಇಳಿಸುವ ಉದ್ದನೆಯ ಬಿದಿರಿನ ಗಳು ಒರಗಿಸಿತ್ತು. ಅಲ್ಲಿದ್ದ ಹುಡುಗನನ್ನು ಕೇಳಿದಳು. ಅವನು ಒಮ್ಮೆ ನನ್ನನ್ನು, ಒಮ್ಮೆ ಯಜಮಾನನನ್ನು ನೋಡಿ, ಪಂಚೆಯನ್ನು ಎತ್ತಿಕಟ್ಟಿ ಕುಕ್ಕೆಗಳ ಮೇಲೆ ಹತ್ತಿದ. ಗಳುವನ್ನು ಕೊಳವೆಯ ಬಾಯಿಗೆ ಕೊಟ್ಟು ನಾಲ್ಕು ಸಲ ತಿವಿದ. ಮೊದಲು ಒಂದು ಬೊಗಸೆ ಕಪ್ಪು ಕೆಸರು ಬಿತ್ತು. ಆಮೇಲೆ ಬಾಳೆನಾರಿನ ಉಂಡೆ, ಕೊಳೆತ ಹೂವಿನ ಎಸಳು, ಬೆರಳುದ್ದದ ಒಂದು ಅಶ್ವತ್ಥದ ಸಸಿ ಬೇರು ಸಮೇತ. ಅನಂತರ ಕೊಳವೆಯೊಳಗೆ ಗೊಳಗೊಳನೆ ಸದ್ದಾಗಿ ನೀರು ಮೋರಿಗೆ ಇಳಿಯಿತು. ಗೋಡೆಯ ಮೇಲಿನ ಧಾರೆ ತೆಳ್ಳಗಾಗಿ, ಹನಿಯಾಗಿ, ನಿಂತಿತು.

ಮುದುಕಿ ಬುಟ್ಟಿಯನ್ನು ಮತ್ತೆ ಬಲಕ್ಕೆ ಎಳೆದುಕೊಂಡಳು. ಹುಡುಗನಿಗೆ ಒಂದು ಮೊಳ ಕಾಕಡ ಕೊಟ್ಟು, "ನಿಮ್ಮವ್ವಂಗೆ ಕೊಡು" ಎಂದಳು. ನನ್ನಿಂದ ಮಾತ್ರ ಎರಡು ಮಾರು ಮಲ್ಲಿಗೆಗೆ ಒಂದು ಪೈಸೆಯನ್ನೂ ಬಿಡದೆ ತೆಗೆದುಕೊಂಡಳು. ಮನೆಗೆ ಬಂದ ಮೇಲೆ ಎಂದಿನಂತೆ ಬೈಸಿಕೊಂಡೆ.